ಪೂಜೆ ಅವ್ರದು, ಗುದ್ದಲಿ ನಮ್ದು

ಶಾಸಕ ಬೈಲಪ್ಪನವರು ತಮ್ಮ ಇಪ್ಪತ್ತೆರಡು ವರ್ಷಗಳ ಸಾರ್ವಜನಿಕ ಜೀವನದಲ್ಲಿ ನೂರಾ ಎಂಬತ್ತಮೂರು ಗುದ್ದಲಿ ಪೂಜೆಗಳನ್ನು ನೆರವೇರಿಸಿದ್ದಾರೆ. ಅವರ ಐವತ್ತೈದನೇ ಹುಟ್ಟುಹಬ್ಬಕ್ಕೆ ಅಭಿಮಾನಿ ಬಳಗ ತಂದ ಬಣ್ಣದ ಪುಸ್ತಕದಲ್ಲಿ ಈ ಸಂಖ್ಯೆ ದಪ್ಪಕ್ಷರದಲ್ಲಿದೆ. ಅದೇ ನೂರಾ ಎಂಬತ್ತಮೂರು ಗುಂಡಿಗಳನ್ನು ಹಿಂದಿನ ದಿನವೇ ತೋಡಿ, ಮಣ್ಣು ಹದ ಮಾಡಿಟ್ಟು, ಪೂಜೆ ಮುಗಿದ ಸಂಜೆ ಮತ್ತೆ ಮುಚ್ಚಿದವರು ಪಾಪಯ್ಯ. ಅವರ ಹೆಸರು ಆ ಪುಸ್ತಕದಲ್ಲಿ ಎಲ್ಲೂ ಇಲ್ಲ. ನಲವತ್ತನೇ ಪುಟದ ಫೋಟೋದ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಅದು ಅವರದು.

ಪಾಪಯ್ಯನವರ ಮನೆ ಇರುವುದು ಪುಟ್ಟೇನಹಳ್ಳಿ ಕೆರೆಯ ಆಚೆ, ಹಳೇ ಊರಿನ ಬಾವಿಕಟ್ಟೆ ಬೀದಿಯಲ್ಲಿ. ಸುತ್ತಲೂ ಹದಿನಾಲ್ಕು ಮಹಡಿಯ ಅಪಾರ್ಟ್‌ಮೆಂಟುಗಳು ಎದ್ದು ನಿಂತು, ಊರೆಂಬುದು ಅವುಗಳ ಬಾಗಿಲಲ್ಲಿ ಚಪ್ಪಲಿ ಬಿಡುವ ಜಾಗದಷ್ಟು ಉಳಿದಿದೆ. ಪಾಪಯ್ಯ ಇಪ್ಪತ್ತರ ವಯಸ್ಸಿಗೇ ರಸ್ತೆ ಕೆಲಸದ ಗ್ಯಾಂಗಿಗೆ ಸೇರಿದರು. ಗುತ್ತಿಗೆದಾರರು ಬದಲಾದರು, ವಾರ್ಡಿನ ಗಡಿ ಬದಲಾಯಿತು, ಪಾಪಯ್ಯನವರ ಪಿಕಾಸಿ ಮಾತ್ರ ಅದೇ. ಮನೆಯ ನಡುಕೋಣೆಯಲ್ಲಿ ಬುದ್ಧನ ಪಟ, ಅದರ ಪಕ್ಕ ಬಾಬಾಸಾಹೇಬರ ಪಟ. ಹೋಮ, ತೆಂಗಿನಕಾಯಿ, ಕರ್ಪೂರಗಳನ್ನು ಆ ಮನೆ ಬಿಟ್ಟು ಮೂವತ್ತು ವರ್ಷವಾಗಿದೆ. ಹಾಗಿದ್ದೂ ಪಾಪಯ್ಯ ಮತ್ತೆ ಮತ್ತೆ ಪೂಜೆಗೆ ಓಡುವುದನ್ನು ಕಂಡು ಬೀದಿಯವರು ಕಿಚಾಯಿಸುತ್ತಿದ್ದರು. ಅದಕ್ಕೆ ಅವರದು ಒಂದೇ ಉತ್ತರ:

"ಪೂಜೆ ಅವ್ರದು, ಗುದ್ದಲಿ ನಮ್ದು."

ಈ ಕಸುಬು ಹುಟ್ಟಿದ್ದೇ ಒಂದು ಗಾಯದಿಂದ. ಬೈಲಪ್ಪನವರು ಆಗಷ್ಟೇ ಕಾರ್ಪೊರೇಟರ್ ಆಗಿದ್ದರು. ಅದಕ್ಕೂ ಮುಂಚೆ ಅವರದು ಸೈಟು ತೋರಿಸುವ ವೃತ್ತಿ. ಒಬ್ಬರ ಸೈಟನ್ನು ಇನ್ನೊಬ್ಬರಿಗೆ ತೋರಿಸಿ, ಅದನ್ನೇ ಮತ್ತೊಬ್ಬರಿಗೂ ತೋರಿಸಿ, ಮೂವರೂ ಜಗಳಕ್ಕೆ ಬಂದಾಗ ನಡುವೆ ನಿಂತು ಪಂಚಾಯ್ತಿ ಮಾಡುತ್ತಿದ್ದರು. ಹೀಗೆ ಜನಸಂಪರ್ಕ ಬೆಳೆಯಿತು. ಗೆದ್ದ ಹೊಸತರಲ್ಲಿ ಬನಶಂಕರಿ ಕಡೆ ಒಂದು ಪಾರ್ಕಿನ ಗುದ್ದಲಿ ಪೂಜೆ. ಬಿಳಿ ಅಂಗಿ, ಹೆಗಲಿಗೆ ಶಾಲು, ಕೈಯಲ್ಲಿ ಬೆಳ್ಳಿ ಬಣ್ಣ ಬಳಿದ ಗುದ್ದಲಿ. ವೀರಾವೇಶದಿಂದ ಎತ್ತಿ ಹೊಡೆದರು. ಬೇಸಿಗೆಯ ಗಟ್ಟಿ ನೆಲ. ಗುದ್ದಲಿ ಟಣ್ಣೆಂದು ಎಗರಿ ಬಂದು ನಾಯಕರ ಮೊಣಕಾಲ ಕೆಳಗಿನ ಮೂಳೆಗೆ ಬಡಿಯಿತು. ಮಹಾನುಭಾವರು ಆಗ ಆಡಿದ ಮಾತನ್ನು ಮೈಕು ಇಡೀ ಪಾರ್ಕಿಗೆ ಹಂಚಿತು. ಅದು ಅಚ್ಚು ಹಾಕುವ ಮಾತಲ್ಲ; ಆ ಪೂಜೆಯನ್ನು ಬಣ್ಣದ ಪುಸ್ತಕವೂ ಲೆಕ್ಕಕ್ಕೆ ಹಿಡಿದಿಲ್ಲ.

ಅಂದು ಸಂಜೆಯೇ ಅವರ ಆಪ್ತ ಸಹಾಯಕ ಸೀನು ಪಾಪಯ್ಯನವರನ್ನು ಹುಡುಕಿಕೊಂಡು ಬಂದ.

"ಪಾಪಣ್ಣ, ಇನ್ಮೇಲೆ ಅಣ್ಣ ಹೊಡಿಯೋ ಜಾಗನ ನೀನು ಮೊದ್ಲೇ ಮೆತ್ತಗೆ ಮಾಡ್ಬಿಡ್ಬೇಕು. ಹಲ್ವಾ ತರ ಇರ್ಬೇಕು."

"ಹಲ್ವಾ ತರ ಇದ್ರೆ ಗುದ್ದಲಿ ಯಾಕಪ್ಪ? ಚಮಚ ಕೊಡು."

ಸೀನು ನಗಲಿಲ್ಲ. ರಾಜಕೀಯದಲ್ಲಿ ಮೇಲೆ ಬರುವವರು ನಗಬೇಕಾದ ಜಾಗ ಬೇರೆ ಇರುತ್ತದೆ.

ಪಾಪಯ್ಯ ಮಾತ್ರ ಆ ಕೆಲಸವನ್ನು ಕಲೆಯ ಮಟ್ಟಕ್ಕೆ ಏರಿಸಿದರು. ಮೊಣಕಾಲುದ್ದ ಅಗೆಯಬೇಕು. ತೆಗೆದ ಮಣ್ಣನ್ನು ಜರಡಿ ಹಿಡಿದು ಕಲ್ಲು, ಗಾಜು, ಬಾಟಲಿ ಮುಚ್ಚಳಗಳನ್ನು ಬೇರೆ ಮಾಡಬೇಕು. ಅದಕ್ಕೆ ಎರಡು ಬಾಂಡ್ಲಿ ಕೆಮ್ಮಣ್ಣು, ಒಂದು ಹಿಡಿ ತೆಂಗಿನ ನಾರು. ನಾರು ಹಾಕದಿದ್ದರೆ ಮಣ್ಣು ಗುದ್ದಲಿಯಿಂದ ಉದುರಿಹೋಗುತ್ತದೆ, ಫೋಟೋದಲ್ಲಿ ನಾಯಕರು ಗಾಳಿ ಅಗೆದಂತೆ ಕಾಣುತ್ತದೆ. ನೀರು ಚಿಮುಕಿಸಿ, ಗೋಣಿಚೀಲ ಹೊದಿಸಿ ಬಿಡಬೇಕು. ಮಾರನೆಯ ದಿನ ಒಂದೇ ಏಟಿಗೆ ದೋಸೆ ಮಗುಚಿದಂತೆ ಮಣ್ಣು ಎದ್ದು ಬರುತ್ತದೆ. ಫೋಟೋದವರು "ಸಾರ್, ಇನ್ನೊಂದ್ಸಲ, ಈ ಕಡೆ ನೋಡಿ" ಎನ್ನುತ್ತಾರೆ. ಮೂರನೇ ಏಟಿಗೆ ಚಪ್ಪಾಳೆ. ನಾಲ್ಕನೇ ಏಟನ್ನು ಬೈಲಪ್ಪನವರು ಜೀವಮಾನದಲ್ಲಿ ಹೊಡೆದವರಲ್ಲ.

ಈ ಹದವಾದ ಮಣ್ಣಿನ ಮೇಲೆಯೇ ಒಂದು ಮಹಾಯಾತ್ರೆ ಸಾಗಿತು. ಕಾರ್ಪೊರೇಟರ್ ಶಾಸಕರಾದರು. ಶಾಸಕರಾದ ಮೂರನೇ ವರ್ಷ ಅಂತರಾತ್ಮದ ಕರೆ ಬಂತು, ಅದರ ಹಿಂದೆಯೇ ಎಸಿ ಬಸ್ಸು ಬಂತು. ಅದರಲ್ಲಿ ಕೂತು ಹದಿನೇಳು ದಿನ ಒಂದು ರೆಸಾರ್ಟಿನಲ್ಲಿ ತಪಸ್ಸು ಮಾಡಿದರು. ಈಜುಕೊಳದಲ್ಲಿ ಕುತ್ತಿಗೆವರೆಗೆ ಮುಳುಗಿ, ಕೈಯಲ್ಲಿ ಎಳನೀರು ಹಿಡಿದು ಪ್ರಜಾಪ್ರಭುತ್ವ ಉಳಿಸುತ್ತಿದ್ದ ಅವರ ಚಿತ್ರ ಟಿವಿಯಲ್ಲಿ ಬಂದಾಗ ಕ್ಷೇತ್ರದ ಜನ ಕಣ್ತುಂಬಿಕೊಂಡರು. ಹಿಂದಿರುಗಿದಾಗ ಹೆಗಲ ಮೇಲಿನ ಶಾಲಿನ ಬಣ್ಣ ಬೇರೆ. ಹಳೆಯ ಪಕ್ಷವನ್ನು ಬೈಯಲು ಹೊಸ ಪಕ್ಷದ ಮಾತು ಕಲಿತರು. ನಾಲ್ಕು ವರ್ಷದ ಮೇಲೆ ಹಳೆಯ ಪಕ್ಷಕ್ಕೇ ಮರಳಿ, ಹೊಸ ಪಕ್ಷವನ್ನು ಬೈಯಲು ಹಳೆಯ ಮಾತನ್ನೇ ಬಳಸಿದರು. ನಡುವೆ ಒಂದು ನಿಗಮದ ಅಧ್ಯಕ್ಷಗಿರಿ. ಆ ನಿಗಮ ಏನು ಮಾಡುತ್ತದೆಂದು ಅವರು ಕೊನೆಯವರೆಗೂ ಕೇಳಲಿಲ್ಲ, ನಿಗಮದವರೂ ಹೇಳಲಿಲ್ಲ. ಗೆದ್ದಾಗ ಗುದ್ದಲಿ ಪೂಜೆ, ಹಾರಿದಾಗ ಗುದ್ದಲಿ ಪೂಜೆ, ಚುನಾವಣೆಗೆ ಆರು ತಿಂಗಳಿದೆ ಎಂದರೆ ಕೆಲವೊಮ್ಮೆ ಒಂದೇ ದಿನ ಮೂರು ಗುದ್ದಲಿ ಪೂಜೆ. ಗುದ್ದಲಿಗೆ ಬೆಳ್ಳಿ ಹೋಗಿ ಚಿನ್ನದ ಬಣ್ಣ ಬಂತು. ಕಾಮಗಾರಿ ಎಂಬ ಕ್ಷುಲ್ಲಕ ವಸ್ತು ಮಾತ್ರ ಹೆಚ್ಚಾಗಿ ಬರಲಿಲ್ಲ.

ಬಾವಿಕಟ್ಟೆ ಬೀದಿಯ ಒಳಚರಂಡಿಗೂ ಹೀಗೆ ಮೂರು ಸಲ ಪೂಜೆಯಾಯಿತು. ಕಾರ್ಪೊರೇಟರ್ ಆಗಿದ್ದಾಗ ಒಂದು, ಶಾಸಕರಾದಾಗ ಒಂದು, ಶಾಲು ಬದಲಾಯಿಸಿ ಉಪಚುನಾವಣೆಗೆ ನಿಂತಾಗ ಒಂದು. ಮೂರು ಸಲವೂ ಬೀದಿಯ ತಲೆಯಲ್ಲಿ, ಕಮಾನಿನ ಕೆಳಗೆ. ಮೂರು ಸಲವೂ ಪಾಪಯ್ಯ ತೋಡಿದರು, ಮುಚ್ಚಿದರು. ಗುತ್ತಿಗೆದಾರ, ಅಂದರೆ ಸೀನುವಿನ ಭಾಮೈದ, ಬಂದಿದ್ದು ಒಂದೇ ಸಲ, ಎಂಟು ವರ್ಷದ ಹಿಂದೆ. ಚರಂಡಿ ಮಾಡಲು ಬಂದವನು ಮನಸ್ಸು ಬದಲಾಯಿಸಿ ರಸ್ತೆಗೆ ಡಾಂಬರು ಹಾಕಿಹೋದ. ಪಾಪಯ್ಯನವರ ಮನೆ ಮುಂದಿದ್ದ ಹಳೆಯ ಮ್ಯಾನ್‌ಹೋಲಿನ ಕಲ್ಲುಚಪ್ಪಡಿ ಅಡ್ಡ ಬಂದಿತ್ತು. ಉಳಿದ ಜಲ್ಲಿ, ಕಾಂಕ್ರೀಟು ಹೆಂಟೆ, ಕೈಗೆ ಸಿಕ್ಕಿದ್ದನ್ನೆಲ್ಲ ಅದರೊಳಗೆ ತುಂಬಿ, ಚಪ್ಪಡಿ ಎಳೆದು, ಅದರ ಮೇಲೂ ಡಾಂಬರು ಬಳಿದು ಸಮ ಮಾಡಿಬಿಟ್ಟ. ಪಾಪಯ್ಯ ಅಂದು ಜಯನಗರದಲ್ಲಿ ಇನ್ನೊಂದು ಪೂಜೆಯ ಮಣ್ಣು ಜರಡಿ ಹಿಡಿಯುತ್ತಿದ್ದರು. ಬಂದು ನೋಡುವಷ್ಟರಲ್ಲಿ ಬೀದಿ ಕಪ್ಪಗೆ ಮಿರಮಿರ ಮಿಂಚುತ್ತಿತ್ತು.

ಅಂದಿನಿಂದ ಮಳೆ ಬಂತೆಂದರೆ ಸುತ್ತಲಿನ ಹದಿನಾಲ್ಕು ಮಹಡಿಗಳು ಬಿಟ್ಟಿದ್ದೆಲ್ಲ ಮುಂದೆ ಹೋಗಲು ದಾರಿಯಿಲ್ಲದೆ ಪಾಪಯ್ಯನವರ ಬಚ್ಚಲ ತೂತಿನಿಂದ ಮೇಲೆ ಬರತೊಡಗಿತು. ಅದು ಬರುವ ರೀತಿಯೇ ಅಸಹ್ಯ. ಮೊದಲು ಗೊಳ್ ಎಂಬ ಸದ್ದು, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ. ಆಮೇಲೆ ನೊರೆ. ಆಮೇಲೆ, ಊಟದ ಹೊತ್ತಿಗೆ ಹೇಳಬಾರದಂಥವು, ಒಂದೊಂದಾಗಿ, ಅವಸರವಿಲ್ಲದೆ, ಬೀಗರ ಮನೆಗೆ ಬಂದ ನೆಂಟರಂತೆ ನಡುಕೋಣೆಯವರೆಗೆ ತೇಲಿ ಬರುತ್ತಿದ್ದವು. ಗೋಡೆಯ ಮೇಲೆ ಬುದ್ಧನ ಪಟದಿಂದ ಎರಡಡಿ ಕೆಳಗೆ ಒಂದು ಕಂದು ಗೆರೆ ನಿಂತಿತು. ಪಟದೊಳಗೆ ಬುದ್ಧ ಕಣ್ಣು ಮುಚ್ಚಿಯೇ ಇದ್ದ. ಮೂಗಿನ ವಿಚಾರ ಗೊತ್ತಿಲ್ಲ.

ಮಹಡಿಯ ಒಂದೇ ಕೋಣೆಗೆ ಬಾಡಿಗೆಗಿದ್ದವನು ಸಂಗಮೇಶ. ಬಾಗಲಕೋಟೆ ಕಡೆಯವನು, ಬಿಟಿಎಂನ ಪಿಜಿ ಬಿಟ್ಟು ಇಲ್ಲಿಗೆ ಬಂದಿದ್ದ. ಕತ್ರಿಗುಪ್ಪೆಯ ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಮೆಟ್ಟಿಲ ಮೇಲೆ ನಿಂತು ಪ್ಯಾಂಟು ಮಡಚುತ್ತಾ ಕೇಳುತ್ತಿದ್ದ:

"ಕಾಕಾ, ಇದು ಮನಿ ಐತೋ, ಹಳ್ಳ ಐತೋ? ಡ್ಯೂಟಿಗೆ ಹೋಗ್ಲಿಕ್ಕೆ ಹರಗೋಲು ತರಸ್ಲೇನು?"

ಪಾಪಯ್ಯನವರ ಹೆಂಡತಿ ನಾಗಲಕ್ಷ್ಮಮ್ಮ ಎಂಟು ವರ್ಷ ಸಹಿಸಿದರು. ಎಂಟು ಮಳೆಗಾಲ ಬಕೆಟ್ಟು, ಫಿನಾಯಿಲು, ಪೊರಕೆ. ಕಳೆದ ಜೂನಿನಲ್ಲಿ ಅಕ್ಕಿ ಡಬ್ಬದೊಳಗೆ ನೀರು ಹೋಯಿತು. ಅವರು ಡಬ್ಬವನ್ನು ಹಾಗೇ ಗಂಡನ ಮುಂದೆ ಇಟ್ಟು, ಎರಡು ಸೀರೆ ಚೀಲಕ್ಕೆ ಹಾಕಿಕೊಂಡರು.

"ಊರಿನವ್ರ ಗುಂಡಿಯೆಲ್ಲ ತೋಡ್ದೆ, ಮುಚ್ದೆ. ನಿನ್ನ ಮನೆ ಗುಂಡಿ ಒಂದು ನಿನ್ ಕೈಲಿ ಆಗ್ಲಿಲ್ಲ. ನಾನು ಸಿದ್ದಾಪುರಕ್ಕೆ ಅಕ್ಕನ ಮನೆಗೆ ಹೋಯ್ತೀನಿ."

"ಯಾವಾಗ ಬತ್ತೀಯ?"

"ಬಚ್ಚಲಲ್ಲಿ ನೀರು ಹೋದ ದಿನ ಫೋನ್ ಮಾಡು. ಬಂದ ದಿನ ಮಾಡ್ಬೇಡ."

ಹೋದರು. ಅರವತ್ತಕ್ಕೆ ಎರಡು ವರ್ಷ ಕಡಿಮೆಯ ಪಾಪಯ್ಯ ಒಬ್ಬರೇ ಹಲಗೆಯ ಮೇಲೆ ಸ್ಟವ್ವಿಟ್ಟುಕೊಂಡು ಅನ್ನ ಬೇಯಿಸತೊಡಗಿದರು. ದಿನಾ ಸಂಜೆ ಸಿದ್ದಾಪುರದಿಂದ ಫೋನು. "ಹೋಯ್ತಾ?" "ಇಲ್ಲ." "ಸರಿ." ಅಷ್ಟೇ ಸಂಸಾರ ಉಳಿದಿತ್ತು. ಪಾಪಯ್ಯನವರಿಗೆ ಈ ಲೋಕದಲ್ಲಿ ಬೇಕಿದ್ದದ್ದೂ ಒಂದೇ: ಆ ಬಚ್ಚಲ ನೀರು ಕೆಳಗಿಳಿಯಬೇಕು, ಅವಳು ಮನೆಗೆ ಬರಬೇಕು.

ಇತ್ತ ಬೈಲಪ್ಪನವರಿಗೂ ಬೇಕಿದ್ದದ್ದು ಒಂದೇ. ಸಂಪುಟ ವಿಸ್ತರಣೆ ಹತ್ತಿರವಾಗಿತ್ತು. ಮಂತ್ರಿಯಾಗದೆ ಸತ್ತರೆ ಸ್ಮಾರಕ ಚಿಕ್ಕದಾಗುತ್ತದೆಂಬ ಭಯ ಅವರನ್ನು ಕಾಡುತ್ತಿತ್ತು. ಜ್ಯೋತಿಷಿಗಳು ಜಾತಕ ಹರಡಿ, ಕ್ಷೇತ್ರದ ಆಗ್ನೇಯ ಮೂಲೆಯಲ್ಲಿ, ಈಶಾನ್ಯಕ್ಕೆ ಮುಖ ಮಾಡಿ, ನೀರಿಗೆ ಸಂಬಂಧಪಟ್ಟ ಕೆಲಸವೊಂದನ್ನು ಆರಂಭಿಸಿದರೆ ಖಾತೆ ಖಚಿತ ಎಂದರು. ನಕ್ಷೆಯ ಮೇಲೆ ಬೆರಳಿಟ್ಟು ಜಾಗವನ್ನೂ ಗುರುತು ಮಾಡಿಕೊಟ್ಟರು. ಆ ಬೆರಳು ಬಿದ್ದದ್ದು ಬಾವಿಕಟ್ಟೆ ಬೀದಿಯಲ್ಲಿ, ಪಾಪಯ್ಯನವರ ಮನೆಯ ಬಾಗಿಲಿಗೆ ಸರಿಯಾಗಿ. ಅದೇ ಒಳಚರಂಡಿಗೆ ನಾಲ್ಕನೇ ಪೂಜೆ, ಒಟ್ಟಾರೆ ನೂರಾ ಎಂಬತ್ತನಾಲ್ಕನೆಯದು.

ಪಾಪಯ್ಯ ಡಾಂಬರು ಕಿತ್ತು ಅಗೆದರು. ಒಂದೂವರೆ ಅಡಿಗೆ ಹಾರೆ ಠಣ್ ಎಂದಿತು. ಮಣ್ಣು ಸರಿಸಿ ನೋಡಿದರೆ ಎಂಟು ವರ್ಷದ ಹಿಂದೆ ಕಾಣೆಯಾದ ಚಪ್ಪಡಿ. ನಡುವೆ ಉದ್ದಕ್ಕೆ ಬಿರುಕು. ಬಿರುಕಿನಿಂದ ಗುಳ್ಳೆ ಏಳುತ್ತಿತ್ತು. ಅವರು ಎದ್ದು, ಕೈ ಒರೆಸಿಕೊಂಡು, ಶಾಮಿಯಾನ ನೋಡಲು ಬಂದಿದ್ದ ಎಂಜಿನಿಯರ್ ಮಧುಮತಿಯವರ ಬಳಿ ಹೋದರು.

"ಮೇಡಂ, ನಾನು ಹೇಳ್ತಿದ್ದ ಚೇಂಬರು, ಆ ಮುಚ್ಚಿದ ಮ್ಯಾನ್‌ಹೋಲು, ಇಲ್ಲೇ ಐತೆ. ಇದುನ್ನ ಬಿಡಿಸಿದ್ರೆ ಇಡೀ ಬೀದಿ ಸಮಸ್ಯೆ ಮುಗೀತದೆ."

ಮಧುಮತಿ ಬಗ್ಗಿ ನೋಡಿ ಮುಖಕ್ಕೆ ಸೆರಗು ಒತ್ತಿಕೊಂಡರು. "ಅಯ್ಯೋ, ನಿಜ ಪಾಪಯ್ಯನವ್ರೇ. ಆದ್ರೆ ನಾಳೆ ಫಂಕ್ಷನ್. ಸೀನು ಅವ್ರಿಗೆ ಹೇಳಿ, ಜಾಗ ನಾಲ್ಕಡಿ ಸರಿಸ್ಲಿ."

ಸೀನು ಫೋನಿನಲ್ಲೇ ಉರಿದುಬಿದ್ದ. "ನಾಲ್ಕಡಿ? ಗುರುಗಳು ಇಂಚಿನ ಲೆಕ್ಕದಲ್ಲಿ ಕೊಟ್ಟಿದ್ದಾರೆ ಮಾರಾಯ. ಜಾಗ ಸರಿದ್ರೆ ಖಾತೆ ಸರೀತದೆ. ಮೇಲೆ ಮಣ್ಣು ಹಾಕಿ ಮೆತ್ತಗೆ ಮಾಡು, ಸಾಕು."

"ಕೆಳ್ಗೆ ಚಪ್ಪಡಿ ಬಿರುಕು ಬಿಟ್ಟೈತೆ ಸೀನು. ಹುಷಾರಾಗಿ ಹೊಡೀಬೇಕು."

"ಅಣ್ಣ ಯಾವತ್ತು ಜೋರಾಗಿ ಹೊಡ್ದಿದ್ದಾರೆ?"

ಅದು ನಿಜವೇ. ಇಪ್ಪತ್ತೆರಡು ವರ್ಷದ ಅನುಭವದ ಮೇಲೆ ಇಬ್ಬರೂ ನಿಶ್ಚಿಂತರಾದರು. ಪಾಪಯ್ಯ ಎಂದಿನ ಹಾಗೆ ಕೆಮ್ಮಣ್ಣು, ನಾರು, ನೀರು ಹಾಕಿ ಗೋಣಿ ಹೊದಿಸಿದರು.

ಮಾರನೆಯ ಬೆಳಗ್ಗೆ ಹತ್ತೂವರೆಗೆ ವಾದ್ಯ, ಪಟಾಕಿ, ಮೂರು ಟಿವಿ ಕ್ಯಾಮೆರಾ. ಕ್ರೇನಿನ ತುದಿಯಲ್ಲಿ ನಾಲ್ಕು ಕ್ವಿಂಟಾಲಿನ ಸೇಬಿನ ಹಾರ. ಬೈಲಪ್ಪನವರು ಕಾರಿನಿಂದ ಇಳಿಯುವಾಗಲೇ ಕರವಸ್ತ್ರ ಮೂಗಿಗೆ ಹಿಡಿದರು. ಜನ ನೋಡುತ್ತಿದ್ದಾರೆಂದು ಸೀನು ಪಿಸುಗುಟ್ಟಿದ ಮೇಲೆ ಅದರಿಂದ ಕಣ್ಣು ಒರೆಸಿಕೊಂಡು, ಭಾವುಕರಾದಂತೆ ತೋರಿಸಿದರು. ಕೈಯಲ್ಲಿ ಫೋನು ಬಿಗಿಯಾಗಿ ಹಿಡಿದಿದ್ದರು. ದೆಹಲಿಯ ಕರೆ ಯಾವ ಕ್ಷಣದಲ್ಲಾದರೂ ಬರಬಹುದಿತ್ತು.

ಆಗ ಟಿವಿಯ ಹುಡುಗಿಯೊಬ್ಬಳು ಮೈಕು ಮುಂದೆ ಹಿಡಿದಳು. "ಸಾರ್, ಇದೇ ಚರಂಡಿಗೆ ಇದು ನಾಲ್ಕನೇ ಪೂಜೆ ಅಂತೆ. ಕೆಲಸ ಯಾವಾಗ ಸಾರ್?"

ಬೈಲಪ್ಪನವರ ಕಿವಿ ಕೆಂಪಾಯಿತು. "ಕೆಲಸಾನಾ? ನಾನು ರೈತನ ಮಗ ಕಣಮ್ಮ. ಕೆಲಸ ಅಂದ್ರೇನು ಅಂತ ತೋರಿಸ್ತೀನಿ, ತಗೋ."

ಪಂಚೆ ಮೇಲೆತ್ತಿ ಕಟ್ಟಿದರು. ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟರು. ಎಂದೂ ಮಾಡದ್ದನ್ನು ಮಾಡಿದರು, ಗುಂಡಿಯೊಳಕ್ಕೇ ಇಳಿದು ನಿಂತರು. ಕಾರ್ಯಕರ್ತರು ಜೈಕಾರ ಹಾಕಿದರು. ಪಾಪಯ್ಯ "ಸಾರ್, ಸಾರ್, ನಿಧಾನ" ಎನ್ನುತ್ತಿದ್ದುದು ವಾದ್ಯದಲ್ಲಿ ಕೇಳಲಿಲ್ಲ. ಒಂದನೇ ಏಟು, ಎರಡನೇ ಏಟು, ಮೂರನೇ ಏಟು. ಚಪ್ಪಾಳೆ. ನಾಯಕರ ರಕ್ತ ಕುದಿಯಿತು. ನಾಲ್ಕನೇ ಏಟು ಹೊಡೆದರು.

ಚಪ್ಪಡಿ ಎರಡಾಯಿತು. ಚಿನ್ನದ ಗುದ್ದಲಿ ಮೊದಲು ಹೋಯಿತು, ಹಿಂದೆಯೇ ಶಾಸಕರು ಹೋದರು. ಗುತ್ತಿಗೆದಾರ ಜಲ್ಲಿ ತುಂಬಿಸಿದ್ದರಿಂದ ಸೊಂಟದವರೆಗೆ ಮಾತ್ರ ಇಳಿದು ನಿಂತರು. ಆ ಭಾಮೈದ ಕ್ಷೇತ್ರಕ್ಕೆ ಮಾಡಿದ ಒಂದೇ ಉಪಕಾರ ಅದು. ಒಳಗೆ ಎಂಟು ವರ್ಷ ಅದುಮಿಟ್ಟಿದ್ದೆಲ್ಲ ಸಂತೋಷದಿಂದ ಮೇಲೆದ್ದು ನಾಯಕರನ್ನು ಆಲಂಗಿಸಿತು. ಬಿಳಿ ಅಂಗಿಯ ಮೇಲೆ ಕಂದು, ಕಂದಿನ ಮೇಲೆ ಹಸಿರು, ಮೀಸೆಯ ತುದಿಯಲ್ಲಿ ಏನೋ ಒಂದು ತೂಗಾಡುತ್ತಿತ್ತು. ವಾಸನೆಗೆ ವಾದ್ಯದವರು ನಾಗಸ್ವರ ಬಾಯಿಂದ ತೆಗೆದು ಓಡಿದರು. ಇಪ್ಪತ್ತೆರಡು ವರ್ಷ ಜೈಕಾರ ಹಾಕಿದ ಕಾರ್ಯಕರ್ತರಲ್ಲಿ ಒಬ್ಬನೂ ಕೈ ಚಾಚಲಿಲ್ಲ. ಎಲ್ಲರ ಕೈಯೂ ಮೂಗಿನ ಮೇಲಿತ್ತು.

ಕೊನೆಗೆ ಪಾಪಯ್ಯನವರೇ ಕ್ರೇನಿನವನಿಗೆ ಕೂಗಿ ಹೇಳಿದರು. ಹಾರದ ಹಗ್ಗ ಕೆಳಗಿಳಿಯಿತು. ಕಂಕುಳಿಗೆ ಹಗ್ಗ ಸಿಕ್ಕಿಸಿದ ಮೇಲೆ ಬೈಲಪ್ಪನವರು ಸೇಬಿನ ನಡುವೆ ತೊಟ್ಟಿಕ್ಕುತ್ತಾ ಆಕಾಶಕ್ಕೇರಿದರು. ರಾಜ್ಯ ರಾಜಕಾರಣದಲ್ಲಿ ಅಷ್ಟು ನೇರವಾಗಿ ಮೇಲೇರಿದವರು ಕಡಿಮೆ. ಹಗ್ಗ ಜಗ್ಗಿದ ರಭಸಕ್ಕೆ ಹಾರ ಹರಿದು ಸೇಬುಗಳು ಕೊಳಚೆಯಲ್ಲಿ ಉರುಳಿದವು. ಕಾರ್ಯಕರ್ತರ ಮೂಗಿನ ಮೇಲಿದ್ದ ಕೈಗಳು ಆಗ ಬಿಡುವಾದವು. ಸೇಬುಗಳನ್ನು ಹೆಕ್ಕಿ, ಪ್ಯಾಂಟಿಗೆ ಒರೆಸಿ, ಅಲ್ಲೇ ಕಚ್ಚಿ ತಿಂದರು.

ಕೆಳಗಿಳಿದ ನಾಯಕರು ಆಡಿದ ಮೊದಲ ಮಾತು, "ಫೋನು!"

ಫೋನು ಚೇಂಬರಿನಲ್ಲಿತ್ತು. ದೆಹಲಿಯ ಕರೆ ಕೊಳಚೆಯೊಳಗೆ ಬರುವುದರಲ್ಲಿತ್ತು. ಸೀನು ಪಾಪಯ್ಯನವರ ತೋಳು ಹಿಡಿದ.

"ಪಾಪಣ್ಣ, ಬೇಗ ಇಳಿ. ಕೈ ಹಾಕಿ ತೆಗಿ."

"ಕಾನೂನು ಐತೆ ಸೀನು. ಮನುಷ್ಯ ಇಳಿಯಂಗಿಲ್ಲ."

"ಈಗಷ್ಟೇ ಅಣ್ಣ ಇಳೀಲಿಲ್ವಾ?"

"ಅವ್ರು ಕಾನೂನು ಮಾಡೋರು. ನಾವು ಪಾಲಿಸೋರು. ಮಷೀನ್ ಕರ್ಸು."

ಎಂಟು ವರ್ಷದಲ್ಲಿ ಇಪ್ಪತ್ತು ಅರ್ಜಿಗೆ ಬರದ ಸಕ್ಕಿಂಗ್ ಮಷೀನು ಹದಿನೆಂಟು ನಿಮಿಷದಲ್ಲಿ ಬಂತು. ಒಂದಲ್ಲ, ಎರಡು. ಹಿಂದೆಯೇ ಪೈಪಿನೊಳಗೆ ನೀರು ನುಗ್ಗಿಸುವ ಇನ್ನೊಂದು ಲಾರಿ. ಮಧ್ಯಾಹ್ನ ಪೂರ್ತಿ ಫೋನು ಹುಡುಕಿದರು. ಜಲ್ಲಿ ಬಂತು, ಕಾಂಕ್ರೀಟು ಹೆಂಟೆ ಬಂತು, ಡಾಂಬರಿನ ಉಂಡೆ ಬಂತು. ಪೈಪಿನ ಬಾಯಿಗೆ ಬೆಣೆಯಂತೆ ಕೂತಿದ್ದ ದಪ್ಪ ಸುರುಳಿಯೊಂದನ್ನು ಕೊಕ್ಕೆ ಹಾಕಿ ಎಳೆದರು. ಬಿಡಿಸಿ ನೀರು ಹೊಡೆದರೆ ಹತ್ತಡಿಯ ಫ್ಲೆಕ್ಸು. ಅದರಲ್ಲಿ ಬೈಲಪ್ಪನವರು ಕೈಮುಗಿದು ನಗುತ್ತಿದ್ದರು. ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.

ರಜೆ ಹಾಕಿ ವಿಡಿಯೋ ಮಾಡುತ್ತಿದ್ದ ಸಂಗಮೇಶ ಹೆಮ್ಮೆಯಿಂದ ಹೇಳಿದ: "ನಮ್ಮ ಅಂಗಡೀದ ಮಾಲು ನೋಡ್ರಿ ಕಾಕಾ. ಎಂಟು ವರ್ಷ ಆತು, ಬಣ್ಣ ಹೋಗಿಲ್ಲ!"

ಫ್ಲೆಕ್ಸು ಹೊರಗೆ ಬಂದದ್ದೇ ತಡ, ಭೂಮಿಯ ಹೊಟ್ಟೆಯೊಳಗೆ ದೊಡ್ಡದೊಂದು ನಿಟ್ಟುಸಿರು ಕೇಳಿಸಿತು. ಪಾಪಯ್ಯ ಮನೆಯೊಳಕ್ಕೆ ಓಡಿದರು. ಬಚ್ಚಲಲ್ಲಿ ಕಣಕಾಲುದ್ದ ನಿಂತಿದ್ದ ಕಪ್ಪು ನೀರು ಸುಳಿ ತಿರುಗುತ್ತಾ ಇಳಿಯುತ್ತಿತ್ತು. ತೂತಿನ ಜಾಲರಿ ಕಂಡಿತು. ನೆಲದ ಕಲ್ಲು ಕಂಡಿತು. ಅದರ ಬಣ್ಣವೇ ಅವರಿಗೆ ಮರೆತುಹೋಗಿತ್ತು.

"ಹೋಯ್ತು ಕಣೇ," ಎಂದರು ಫೋನಿನಲ್ಲಿ.

ಸಿದ್ದಾಪುರದ ಕಡೆಯಿಂದ ಮರುಪ್ರಶ್ನೆ ಬಂತು. "ಕುಡ್ದಿದ್ದೀಯೇನಯ್ಯ?"

ಸಂಜೆ ಐದಕ್ಕೆ ಆಟೋದಲ್ಲಿ ಬಂದರು. ಚೀಲ ಕೆಳಗಿಡದೆ, ಚಪ್ಪಲಿ ಬಿಡದೆ, ನೇರ ಬಚ್ಚಲಿಗೆ ಹೋಗಿ ಒಂದು ಬಕೆಟ್ ನೀರು ಸುರಿದರು. ಹೋಯಿತು. ಇನ್ನೊಂದು ಬಕೆಟ್. ಅದೂ ಹೋಯಿತು. ಮೂರನೆಯದಕ್ಕೆ ಚಪ್ಪಲಿ ಬಿಟ್ಟರು.

ಇನ್ನು ಹೇಳಲು ಹೇಸಿಗೆಯಾಗುವ ಭಾಗ. ಕೊಳಚೆಯಲ್ಲಿ ಮುಳುಗಿದ ರಾಜಕಾರಣಿಯ ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಸೀನು ಇದ್ದಾನಲ್ಲ, ಹೇಗೆ ಮುಗಿಯುತ್ತದೆ? ಮಧ್ಯಾಹ್ನದೊಳಗೇ ಆ ವಿಡಿಯೋಗೆ ಶಂಖದ ಸದ್ದು ಸೇರಿಸಿ, "ಬಡವರ ಬೀದಿಗಾಗಿ ಕೊಳಚೆಗೆ ಧುಮುಕಿದ ರೈತನ ಮಗ" ಎಂದು ಹಾಕಿ ಊರಿಗೆಲ್ಲ ಹರಿಯಬಿಟ್ಟ. ಸಂಜೆಯೊಳಗೆ ಲಕ್ಷಾಂತರ ಜನ ನೋಡಿದರು. ಕೆಲವರು ಅತ್ತರು. ನಾಯಕರ ಫೋನು ಸಿಗಲೇ ಇಲ್ಲ; ದೆಹಲಿಯವರು ಸೀನುವಿನ ಫೋನಿಗೇ ಕರೆ ಮಾಡಿದರು. ನಾಲ್ಕನೇ ದಿನ ಬೈಲಪ್ಪನವರು ಪ್ರಮಾಣವಚನ ಸ್ವೀಕರಿಸಿದರು. ನೀರಿಗಿಳಿದ ಅನುಭವ ಗಮನಿಸಿ ಮೀನುಗಾರಿಕೆ ಖಾತೆ ಕೊಡಲಾಯಿತು.

ಮಂತ್ರಿಗಳಾದ ಮೇಲೆ ಮೊದಲ ಭೇಟಿ ಅದೇ ಬೀದಿಗೆ ಎಂದು ನಿಗದಿಯಾಯಿತು, ಭಾನುವಾರ. ಹಾಗಾಗಿ ಗುರುವಾರ ಬೆಳಗ್ಗೆ ಭಾಮೈದನ ಡಾಂಬರು ಲಾರಿ ಬಂದು ಮನೆ ಮುಂದೆ ನಿಂತಿತು. ಸೀನು ಇಳಿದ.

"ಪಾಪಣ್ಣ, ಗುಂಡಿ ಮುಚ್ಚು. ಮಂತ್ರಿಗಳ ಕಾರು ಬರೋ ರಸ್ತೆ. ನುಣ್ಣಗೆ ಇರ್ಬೇಕು."

ನೂರಾ ಎಂಬತ್ತಮೂರು ಸಲ ಈ ಮಾತಿಗೆ ಪಾಪಯ್ಯ ಸಲಿಕೆ ಎತ್ತಿದ್ದರು. ಈ ಸಲ ಎತ್ತಲಿಲ್ಲ. ಚೇಂಬರಿನ ಬಾಯಿಗೆ ಅಡ್ಡ ಹಾಕಿದ್ದ ಹಲಗೆಯ ಪಕ್ಕ ನಾಗಲಕ್ಷ್ಮಮ್ಮ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅವರೆಕಾಯಿ ಬಿಡಿಸುತ್ತಿದ್ದರು.

"ಮುಚ್ಚಲ್ಲ ಸೀನು."

"ಏನಂದೆ? ಕೆಲ್ಸ ಬೇಡ್ವಾ?"

"ಕೆಲ್ಸ ಇನ್ನೆರಡು ವರ್ಷ. ಬಚ್ಚಲು ಸಾಯೋ ತನಕ."

ನಾಗಲಕ್ಷ್ಮಮ್ಮ ತಲೆಯೆತ್ತಲಿಲ್ಲ. "ಮುಚ್ಚೋದಾದ್ರೆ ನನ್ ಮೇಲೇ ಡಾಂಬ್ರು ಹಾಕ್ಸಪ್ಪ. ಕುರ್ಚಿ ನಿಮ್ದೇ, ನಿಮ್ ಪ್ರಚಾರ ಸಭೇಲಿ ಕೊಟ್ಟಿದ್ದು."

ಲಾರಿಯವನು ನಕ್ಕುಬಿಟ್ಟ. ಸೀನು ಕೆಂಡವಾದ, ನಾಳೆ ಪೊಲೀಸರ ಜೊತೆ ಬರುವುದಾಗಿ ಹೇಳಿ ಹೋದ. ಅವನು ಬಂದೇ ಬರುವವನು. ಪಾಪಯ್ಯ ಬಹಳ ಹೊತ್ತು ಗುಂಡಿಯನ್ನೇ ನೋಡುತ್ತಾ ಕೂತರು. ಇಪ್ಪತ್ತೆರಡು ವರ್ಷ ಅವರು ಆ ಜನರಿಗೆ ಮಣ್ಣು ಹದ ಮಾಡಿಕೊಟ್ಟವರು. ಎಲ್ಲಿ ಮೆತ್ತಗಿದ್ದಾರೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಎದ್ದು, ಮಹಡಿಯ ಮೆಟ್ಟಿಲ ಬಳಿ ನಿಂತು ಕೂಗಿದರು.

"ಸಂಗಮೇಶ, ಒಂದು ಫ್ಲೆಕ್ಸ್ ಬೇಕಲ್ಲಪ್ಪ. ಬರಿಯೋದು ನಾನು ಹೇಳ್ತೀನಿ."

ಶುಕ್ರವಾರ ಸೀನು ಇಬ್ಬರು ಪೊಲೀಸರೊಡನೆ ಬಂದಾಗ ಗುಂಡಿಯ ಸುತ್ತ ನಾಲ್ಕು ಬಿದಿರ ಗಳು ನೆಟ್ಟು, ಚೆಂಡುಹೂ ಕಟ್ಟಲಾಗಿತ್ತು. ಮೇಲೆ ಎಂಟಡಿಯ ಫ್ಲೆಕ್ಸು. ಬೈಲಪ್ಪನವರ ತಲೆಯ ಹಿಂದೆ ಪ್ರಭಾವಳಿ. ಕೆಳಗೆ: "ಸನ್ಮಾನ್ಯ ಸಚಿವರು ಜನಸೇವೆಗಾಗಿ ಇಳಿದ ಪವಿತ್ರ ಸ್ಥಳ. ದಯವಿಟ್ಟು ಚಪ್ಪಲಿ ಬಿಟ್ಟು ಬನ್ನಿ."

ಪೊಲೀಸರಲ್ಲಿ ಹಿರಿಯವರು ಟೋಪಿ ತೆಗೆದರು.

"ಡಾಂಬ್ರು ಹಾಕ್ಸು," ಎಂದರು ಪಾಪಯ್ಯ. "ಅಣ್ಣ ಇಳಿದ ಜಾಗ ಮುಚ್ಚಿಸ್ದೋನು ಸೀನು ಅಂತ ಪಕ್ಕದಲ್ಲಿ ಇನ್ನೊಂದು ಫ್ಲೆಕ್ಸ್ ಹಾಕ್ಸ್ತೀನಿ. ಸಂಗಮೇಶನ ಅಂಗಡೀಲಿ ಬಣ್ಣ ಸಖತ್ತಾಗಿರುತ್ತೆ."

ಸೀನು ಪಕ್ಕಕ್ಕೆ ಹೋಗಿ ಫೋನು ಮಾಡಿದ. ಹಿಂದಿರುಗಿ ಬಂದಾಗ ಅವನ ಮುಖದಲ್ಲಿ ಸೋತವನ ನಗು. "ಅಣ್ಣಂಗೆ ಖುಷಿಯಾಗಿದೆ. ಪರ್ಮನೆಂಟ್ ಮಾಡ್ಸಿ ಅಂದ್ರು."

ಮಧ್ಯಾಹ್ನ ಮಧುಮತಿ ಮೇಡಂ ಟೇಪು ಹಿಡಿದು ಬಂದರು. ಅಳತೆ ತೆಗೆಯುತ್ತಾ ಯಾರಿಗೂ ಕೇಳದಂತೆ ಪಾಪಯ್ಯನವರಿಗೆ ಹೇಳಿದರು: "ಚರಂಡಿ ಅಂತ ಬರೆದ್ರೆ ಫೈಲು ಇನ್ನೂ ಎಂಟು ವರ್ಷ ತಿರುಗುತ್ತೆ. ಸ್ಮಾರಕ ಅಂತ ಬರೀತೀನಿ. ಒಂದೂವರೆ ಅಡಿ ಎತ್ತರದ ಕಟ್ಟೆ, ಮೇಲೆ ಎತ್ತಿ ತೆಗೆಯೋ ಕಬ್ಬಿಣದ ಮುಚ್ಚಳ. ಸ್ಮಾರಕ ನಾರಬಾರ್ದಲ್ಲ, ಅದಕ್ಕೆ ಮೂರು ತಿಂಗಳಿಗೊಮ್ಮೆ ಮಷೀನು ಅಂತಾನೂ ಸೇರಿಸಿದ್ದೀನಿ."

ಶನಿವಾರವೇ ಕಟ್ಟೆ ಎದ್ದಿತು. ಅಷ್ಟು ಅಚ್ಚುಕಟ್ಟಾದ ಇಟ್ಟಿಗೆ ಕೆಲಸ ಆ ವಾರ್ಡಿನಲ್ಲಿ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ. ಮುಚ್ಚಳದ ಮೇಲೆ ಸಚಿವರ ಹೆಸರನ್ನು ಉಬ್ಬಕ್ಷರದಲ್ಲಿ ಎರಕ ಹಾಕಿಸಿದ್ದರು.

ಭಾನುವಾರ ಸಚಿವರು ಬಂದರು. ಹೊಸ ಕ್ರೇನು, ಹೊಸ ಹಾರ. ಈ ಸಲ ಎಲ್ಲಿಗೂ ಇಳಿಯಲಿಲ್ಲ. ಕಟ್ಟೆಯ ಮುಂದೆ ನಿಂತು, ತಮ್ಮ ಹೆಸರನ್ನು ತಾವೇ ಎರಡು ಸಲ ಓದಿಕೊಂಡು, ಭಾವಪರವಶರಾದರು. ಪಕ್ಕದಲ್ಲಿ ತಟ್ಟೆ ಹಿಡಿದು ನಿಂತಿದ್ದ ಪಾಪಯ್ಯನವರ ಕಡೆ ತಿರುಗಿ ಪ್ರೀತಿಯಿಂದ ಕೇಳಿದರು:

"ಏನಪ್ಪ ಹೆಸ್ರು? ಹೊಸಬ್ನಾ?"

"ಹೂಂ ಸಾರ್," ಎಂದರು ಪಾಪಯ್ಯ. "ಇಪ್ಪತ್ತೆರಡು ವರ್ಷದಿಂದ ಹೊಸಬ."

ಸಚಿವರಿಗೆ ಕೇಳಿಸಲಿಲ್ಲ, ವಾದ್ಯ ಜೋರಾಗಿತ್ತು. ತೆಂಗಿನಕಾಯಿ ಎತ್ತಿ ತಮ್ಮ ಹೆಸರಿನ ಮೇಲೆಯೇ ಒಡೆದರು. ಕಾಯಿ ನೀರು ಉಬ್ಬಕ್ಷರಗಳ ನಡುವೆ ಹರಿದು, ಮುಚ್ಚಳದ ತೂತಿನಿಂದ ಒಳಗಿಳಿಯಿತು. ಗೊಳಕ್ ಎಂದಿತು ಚೇಂಬರು. ಬಚ್ಚಲು ತುಂಬುವ ಮುಂಚಿನ ಅದೇ ಸದ್ದು. ಪಾಪಯ್ಯ ಕೈಯಲ್ಲಿ ತಟ್ಟೆ ಹಿಡಿದೇ ಮನೆ ಬಾಗಿಲ ಕಡೆ ನೋಡಿದರು. ನಾಗಲಕ್ಷ್ಮಮ್ಮ ಆಗಲೇ ಬಚ್ಚಲಿಗೆ ಓಡಿದ್ದರು.

ಸಚಿವರು ಮೈಕು ಹಿಡಿದು "ಬಂಧುಗಳೇ" ಎನ್ನುವಷ್ಟರಲ್ಲಿ ಮನೆಯೊಳಗಿನಿಂದ ನಾಗಲಕ್ಷ್ಮಮ್ಮನವರ ದನಿ ಇಡೀ ಬೀದಿಗೆ ಕೇಳಿಸಿತು.

"ಬಂದಿಲ್ಲ ಕಣಯ್ಯೋ! ಹೋಗ್ತಾನೇ ಐತೆ!"